ನನ್ನ ಹೆಂಡತಿ ಗುಜರಾತಿಯಲ್ಲಿ ಏನಂದಳು?

ನನ್ನ ಹೆಂಡತಿಯ ಹೆಸರು ಒಂದು ಗುಜರಾತಿ ಪತ್ರಿಕೆಯಲ್ಲಿ ಅಚ್ಚಾಗಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ.

ನಗಬೇಡಿ. ಪತ್ರಿಕೆ ನನ್ನ ಮುಂದೆಯೇ ಬಿದ್ದಿದೆ. ಬೊಂಬಾಯಿಯ ವಾರಪತ್ರಿಕೆ. ಅಲ್ಲಿಂದ ಶಿಕಾಗೋಗೆ ಹೋಗಿ, ಶಿಕಾಗೋದಿಂದ ಕಂದು ಲಕೋಟೆಯೊಳಗೆ ಕೂತು, ಸೌತ್‌ಫೀಲ್ಡಿನ ನಮ್ಮ ಮನೆಗೆ ಈ ಸೋಮವಾರ ಬಂದಿಳಿಯಿತು. ಕಳಿಸಿದವರು ಜಶುಭಾಯಿ. ಜೊತೆಯಲ್ಲಿ ‘ಹೇಗಿದ್ದೀರಿ’ ಅಂತ ಒಂದು ಸಾಲು ಕೂಡ ಇಲ್ಲ. ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದಾರೆ, ಅಷ್ಟೇ.

ಗುಜರಾತಿ ನನಗೆ ಬರುವುದಿಲ್ಲ. ಆದರೆ ಮೈಸೂರಿನಲ್ಲಿ ಹುಡುಗನಾಗಿದ್ದಾಗ ಹಿಂದಿ ಪರೀಕ್ಷೆಗಳಿಗೆಲ್ಲ ಕಟ್ಟಿದವನು ನಾನು (ಪಾಸಾದೆನೇ ಎಂದು ಕೇಳಬೇಡಿ). ಗುಜರಾತಿ ಲಿಪಿ ಅಂದರೆ ಹೆಚ್ಚುಕಡಿಮೆ ನಾಗರಿಯ ತಲೆಗೆರೆ ತೆಗೆದ ಹಾಗೆ. ಮೊಣಕೈ ಊರಿ ಕೂತು ಒಂದೊಂದೇ ಅಕ್ಷರ ಕೂಡಿಸಿದರೆ ಓದಬಹುದು. ಅರ್ಥ ಮಾತ್ರ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಓದಲು ಬಾರದಿದ್ದರೆ ಪತ್ರಿಕೆಯನ್ನು ಅತ್ತ ಎಸೆದು ಕಾಫಿ ಕುಡಿಯಬಹುದಿತ್ತು.

ಕೂಡಿಸಿದೆ. ಸು. ಲೋ. ಚ. ನಾ. ಬೆನ್.

ಸುಲೋಚನಾಬೆನ್! ನನ್ನ ಹೆಂಡತಿ! ಪುಟದ ಉದ್ದಕ್ಕೂ ಅವಳೇ. ಎರಡನೆಯ ಪ್ಯಾರಾದಲ್ಲಿ ಅವಳು, ಮಧ್ಯದಲ್ಲಿ ಅವಳು, ಕೊನೆಗೆ ಒಂದು ಸಣ್ಣ ಪದ್ಯವಿದೆ, ಅದರ ತಲೆಯ ಮೇಲೂ ಅವಳು. ನನ್ನ ಹೆಸರೂ ಇರಲೇಬೇಕಲ್ಲ ಎಂದು ಹುಡುಕಿದೆ. ಮನೆಯ ಯಜಮಾನ, ಜಶುಭಾಯಿಯನ್ನು ಬಸ್ ನಿಲ್ದಾಣದಿಂದ ಕರೆತಂದವನು, ಕಾರಿನ ಉದ್ಯಮದ ಬಗ್ಗೆ ಅಷ್ಟು ಹೊತ್ತು ಭಾಷಣ ಬಿಗಿದವನು. ಸಿಕ್ಕಿತು. ಒಂದೇ ಕಡೆ. ಅದೂ ಕಂಸದೊಳಗೆ.

“ಸುಲೋಚನ, ಇಲ್ಲಿ ನೋಡೇ, ನಿನ್ನ ಹೆಸರು ಬಂದಿದೆ!” ಅಂದೆ.

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ಪುಟ ನೋಡಿದಳು. ಮುಖದಲ್ಲಿ ಸಣ್ಣ ನಗು ಬಂತು, ಹೋಯಿತು.

“ಹೌದಾ? ಬರೆದೇಬಿಟ್ರಾ?”

“ಏನು ಬರೆದಿದಾರೆ?”

“ನನಗೇನು ಗುಜರಾತಿ ಬರತ್ತಾ?” ಅಂದು ಹೋಗಿ ಅಕ್ಕಿ ತೊಳೆಯತೊಡಗಿದಳು.

ಇಲ್ಲಿಂದ ಶುರುವಾಯಿತು ನೋಡಿ ನನ್ನ ಪೇಚಾಟ.

ಹೆಂಡತಿಯ ಹೆಸರು ಪತ್ರಿಕೆಯಲ್ಲಿ ಬಂದರೆ ಇಷ್ಟೊಂದು ಒದ್ದಾಡುವುದು ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಬೆಂಗಳೂರಿನ ಒಂದು ಕಾರ್ಖಾನೆಯಿಂದ ನನಗೆ ಕೆಲಸದ ಕರೆ ಬಂದಿದೆ. ನನ್ನ ಜೊತೆ ಓದಿದವನು ಅಲ್ಲಿ ಈಗ ದೊಡ್ಡ ಸಾಹೇಬ. “ಶುಕ್ರವಾರದೊಳಗೆ ತಂತಿ ಕೊಡು, ಬರ್ತೀಯೋ ಇಲ್ವೋ ಹೇಳು, ಆಮೇಲೆ ನನ್ನನ್ನು ದೂರಬೇಡ” ಎಂದಿದ್ದಾನೆ. ಹೋದರೆ ಇಲ್ಲಿನ ಮನೆ, ಕೆಲಸ, ಮಗಳ ಸ್ಕೂಲು ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಹೋಗದಿದ್ದರೆ ಇಂಥ ಕರೆ ಇನ್ನೊಮ್ಮೆ ಬಾರದು.

ನಾನು ಊರಿಗೆ ವಾಪಸಾಗುವ ಸುದ್ದಿ ನಿಮಗೆ ಹೊಸದಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ? “ಬರುವ ವರ್ಷ ಈ ಹೊತ್ತಿಗೆ ಮೈಸೂರಿನಲ್ಲಿ ಕೂತು ಬರೆಯುತ್ತೇನೆ” ಎಂದು ಬರೆದು, ಬರುವ ವರ್ಷ ಈ ಹೊತ್ತಿಗೆ ಮತ್ತೆ ಅದನ್ನೇ ಬರೆದಿದ್ದೇನೆ. ಯಾಕೆ ವಾಪಸು ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ. “ನಮ್ಮ ಮನೆಯವಳಿಗೆ ಇಲ್ಲಿ ಒಗ್ಗುತ್ತಿಲ್ಲ. ಚಳಿ, ಒಂಟಿತನ. ಅವಳಿಗೋಸ್ಕರ ಹೋಗಬೇಕು.” ಇಲ್ಲಿನ ಕನ್ನಡದವರಿಗೆ ಹೇಳಿದ್ದೇನೆ, ಆಫೀಸಿನಲ್ಲಿ ಹೇಳಿದ್ದೇನೆ, ಬೆಂಗಳೂರಿನ ಸಾಹೇಬನಿಗೂ ಬರೆದಿದ್ದೇನೆ.

ಈಗ ಈ ಜಶುಭಾಯಿ ಬಂದು, ನನ್ನ ಹೆಂಡತಿಯನ್ನು ಅದೇ ವಿಷಯ ಕೇಳಿ, ಅವಳು ಕೊಟ್ಟ ಉತ್ತರವನ್ನು ನನಗೆ ಅರ್ಥವಾಗದ ಭಾಷೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಶುಕ್ರವಾರ ಬೇರೆ ಹತ್ತಿರ ಬರುತ್ತಿದೆ. ಹೇಗಿದೆ ನನ್ನ ಸ್ಥಿತಿ?

ಜಶುಭಾಯಿ ಯಾರು ಎಂದು ಹೇಳಿಬಿಡುತ್ತೇನೆ. ಅದು ಅಷ್ಟು ಸುಲಭವಲ್ಲ, ಆದರೂ ಹೇಳುತ್ತೇನೆ.

ಸೌರಾಷ್ಟ್ರದ ಒಂದು ಸಣ್ಣ ಊರಿನವರು. ಬೊಂಬಾಯಿಯ ಹತ್ತಿ ಮಾರುಕಟ್ಟೆಗೆ ಬಂದು ದಿನದಿನದ ಧಾರಣೆ ಬರೆಯುವ ಕೆಲಸ ಹಿಡಿದರು. ಇವತ್ತು ಹತ್ತಿ ಏರಿತು, ನಾಳೆ ಇಳಿಯಿತು, ನಡುವೆ ಕಡಲೆಕಾಯಿ ಎಣ್ಣೆ ಏನು ಮಾಡಿತು, ಇದೇ ಬರವಣಿಗೆ. ಹಾಗೆಯೇ ದೊಡ್ಡ ಆರ್ಥಿಕ ವರದಿಗಾರರಾದರು. ಕೆಲವು ವರ್ಷದಿಂದ ಶಿಕಾಗೋದಲ್ಲಿದ್ದಾರೆ. ಅಲ್ಲಿನ ಧಾನ್ಯದ ಮಾರುಕಟ್ಟೆಯಲ್ಲಿ ಗೋಧಿ, ಸೋಯಾಬೀನುಗಳ ಬೆಲೆಗೆ ಜನ ಹೇಗೆ ಅರಚಾಡುತ್ತಾರೆ ಎಂದು ನೋಡಿ ಬೊಂಬಾಯಿಯ ವ್ಯಾಪಾರಿ ದಿನಪತ್ರಿಕೆಗೆ ತಂತಿ ಕಳಿಸುವುದು ಅವರ ನೌಕರಿ. ಅದು ವಾರದ ದಿನಗಳಲ್ಲಿ.

ಶನಿವಾರ ಅವರು ಪ್ರಬಂಧ ಬರೆಯುತ್ತಾರೆ. ಕೊಡೆಯ ಬಗ್ಗೆ, ಕೆಮ್ಮಿನ ಬಗ್ಗೆ, ಬಾಡಿಗೆ ಕೋಣೆಯ ಬೀಗದ ಬಗ್ಗೆ. ಭಾನುವಾರ ಕವಿತೆ. ಗುಜರಾತಿನಲ್ಲಿ ಅವರ ಕವಿತೆಗಳಿಗೆ ಹೆಸರಿದೆಯಂತೆ.

ನಾನು ಅವರನ್ನು ಮೊದಲು ಕಂಡದ್ದು ಶಿಕಾಗೋದಲ್ಲಿ ಒಬ್ಬ ಗೆಳೆಯರ ಮನೆಯ ಊಟದಲ್ಲಿ. ಕೃಶ ದೇಹ, ದಪ್ಪ ಕನ್ನಡಕ, ಅಳತೆಗಿಂತ ದೊಡ್ಡದಾದ ಓವರ್‌ಕೋಟು. “ಕವಿಗಳು ನನ್ನನ್ನು ನೋಡಿದರೆ ಎಣ್ಣೆಯ ಬೆಲೆ ಏರುತ್ತದೆಯೇ ಎಂದು ಕೇಳುತ್ತಾರೆ. ವ್ಯಾಪಾರಿಗಳು ನೋಡಿದರೆ ಒಂದು ಕವಿತೆ ಹೇಳಿ ಎನ್ನುತ್ತಾರೆ. ನಾನು ಯಾರೆಂದು ನನಗೇ ಸರಿಯಾಗಿ ತಿಳಿದಿಲ್ಲ, ಭಾಯಿ” ಎಂದು ನಕ್ಕರು. (ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ನನ್ನ ಮುರುಕು ಹಿಂದಿ. ನಿಮಗಾಗಿ ಕನ್ನಡ ಮಾಡಿದ್ದೇನೆ.) ನಾನೂ ಬರೆಯುತ್ತೇನೆ ಎಂದೆ. “ಯಾವುದರ ಬಗ್ಗೆ?” ಎಂದರು. “ನನ್ನ ಬಗ್ಗೆ” ಎಂದೆ. ಅವರು ತುಂಬ ಹೊತ್ತು ತಲೆಯಾಡಿಸಿದರು. ಅದು ಮೆಚ್ಚುಗೆ ಎಂದುಕೊಂಡಿದ್ದೆ.

ಈ ಸಲದ ಚಳಿಗಾಲದಲ್ಲಿ ಅವರು ನಮ್ಮ ಮನೆಗೆ ಬಂದರು. ಅರಬರು ಎಣ್ಣೆ ನಿಲ್ಲಿಸಿ ಇಲ್ಲಿ ಪೆಟ್ರೋಲಿಗೆ ಕ್ಯೂ ನಿಲ್ಲುವ ಕಾಲ ಬಂತಲ್ಲ, ಆಗ. ಕಾರು ತಯಾರಿಸುವ ಊರೇ ಕಾರಿಗೆ ಪೆಟ್ರೋಲು ಕುಡಿಸಲು ಪರದಾಡುತ್ತಿದೆ, ನೋಡಿ ಬರೆಯಬೇಕು ಎಂದರು. ನಾನೋ, ಕಾರಿನ ಕಂಪನಿಯಲ್ಲೇ ಇಂಜಿನಿಯರು. ಬಿಡುತ್ತೇನೆಯೇ? ಹಜಾರದಲ್ಲಿ ಕೂರಿಸಿಕೊಂಡು ಗ್ರಾಫ್ ಹಾಳೆಗಳನ್ನು ಹರಡಿದೆ. ದೊಡ್ಡ ಕಾರು ಯಾಕೆ ಬಿಕರಿಯಾಗುತ್ತಿಲ್ಲ, ಸಣ್ಣ ಕಾರು ಯಾಕೆ ತಯಾರಾಗುತ್ತಿಲ್ಲ, ಎಲ್ಲ ವಿವರಿಸಿದೆ. ಅವರು “ಅಚ್ಛಾ, ಅಚ್ಛಾ” ಎಂದರು. ಜೇಬಿನಿಂದ ಪೆನ್ನು ಮಾತ್ರ ಹೊರಬರಲಿಲ್ಲ.

ಊಟಕ್ಕೆ ಕೂತೆವು. ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟವರು ಥಟ್ಟನೆ ತಲೆಯೆತ್ತಿದರು. “ಇದು ತೊಗರಿಬೇಳೆ ಅಲ್ಲ.”

ಅಲ್ಲ. ಇಲ್ಲಿ ತೊಗರಿಬೇಳೆ ಎಲ್ಲಿ ಸಿಗಬೇಕು? ಅಂಗಡಿಯಲ್ಲಿ ಸೂಪಿಗೆಂದು ಮಾರುವ ಹಳದಿ ಬಟಾಣಿ ಬೇಳೆಯಲ್ಲೇ ಸುಲೋಚನ ಹುಳಿ ಮಾಡುತ್ತಾಳೆ. ನಾನು ವರ್ಷಗಳಿಂದ ತಿನ್ನುತ್ತಿದ್ದೇನೆ. (ಅದು ತೊಗರಿ ಅಲ್ಲವೆಂದು ನನಗೆ ಅವತ್ತೇ ಗೊತ್ತಾದದ್ದು. ಈ ಕಂಸ ನನ್ನದೇ, ಜಶುಭಾಯಿಯದಲ್ಲ.)

ಅಲ್ಲಿಂದ ಅವರು ನನ್ನ ಕಡೆ ತಿರುಗಲಿಲ್ಲ. ತಟ್ಟೆ ಎತ್ತಿಕೊಂಡು ಅಡಿಗೆಮನೆಗೇ ಹೋದರು. ಆ ಬೇಳೆ ಎಷ್ಟು ಹೊತ್ತು ಬೇಯುತ್ತದೆ? ಹುಣಸೆಹಣ್ಣಿಗೆ ಏನು ಮಾಡುತ್ತೀರಿ? ಕರಿಬೇವು ಯಾರು ತಂದುಕೊಡುತ್ತಾರೆ? ಸುಲೋಚನಳ ಹಿಂದಿ ನನ್ನದಕ್ಕಿಂತ ಚೆನ್ನಾಗಿದೆ. ಅವಳು ಹೇಳುತ್ತ ಹೋದಳು, ಇವರ ಪೆನ್ನು ಹೊರಬಂತು. ಅಡಿಗೆ ಮಾಡುವವರನ್ನು ಕೇಳದೆ ಬರೆದ ಬೆಲೆಯೆಲ್ಲ ಬರೀ ಗಾಳಿಸುದ್ದಿ ಎಂಬುದು ಅವರ ಸಿದ್ಧಾಂತವಂತೆ. ಬೊಂಬಾಯಿಯಲ್ಲೂ ಹತ್ತಿ ಮಾರುಕಟ್ಟೆಯಿಂದ ನೆಟ್ಟಗೆ ಯಾರದೋ ಮನೆಯ ಅಡಿಗೆಕಟ್ಟೆಗೇ ಹೋಗುತ್ತಿದ್ದರಂತೆ. ಸಂಪಾದಕರು ಬೈಯುತ್ತಿದ್ದರಂತೆ.

ನಾನು ಓವರ್‌ಕೋಟು ಹಾಕಿಕೊಂಡು ಪೆಟ್ರೋಲು ತುಂಬಿಸಲು ಹೊರಟೆ. ಕ್ಯೂ ಉದ್ದವಾಗುವ ಮೊದಲು ಹೋಗಬೇಕಿತ್ತು. ಬಾಗಿಲಲ್ಲಿ ಬೂಟು ಏರಿಸುತ್ತಿದ್ದಾಗ ಜಶುಭಾಯಿಯ ಪ್ರಶ್ನೆ ಕಿವಿಗೆ ಬಿತ್ತು. “ಸುಲೋಚನಾಬೆನ್, ನಾಳೆಯೇ ಊರಿಗೆ ವಾಪಸು ಹೋಗಬೇಕು ಅನ್ನಿ. ಇಲ್ಲಿಂದ ಏನು ತೆಗೆದುಕೊಂಡು ಹೋಗುತ್ತೀರಿ?”

ಉತ್ತರ ಕೇಳಲು ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ವಾಪಸು ಹೋಗುವವರು ಏನು ಒಯ್ಯುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಮಿಕ್ಸಿ, ಟ್ರಾನ್ಸಿಸ್ಟರು, ನೈಲಾನ್ ಸೀರೆ, ನಾದಿನಿಯರಿಗೆ ಸೆಂಟು. ಬಂದು ನೋಡಿದರೆ ಇಬ್ಬರೂ ಟೀ ಕುಡಿಯುತ್ತ ನಗುತ್ತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಸುಲೋಚನ ಎದ್ದು ಪಾತ್ರೆ ತೊಳೆಯಲು ಹೋದಳು. ಆಗ ಏನೂ ಅನಿಸಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಏನೂ ಅನಿಸಲಿಲ್ಲ. ಈಗ ಅನಿಸುತ್ತಿದೆ.

ಸರಿ, ಪತ್ರಿಕೆಯ ಕಥೆಗೆ ಬರೋಣ. ಮಂಗಳವಾರ ಅದನ್ನು ಬ್ರೀಫ್‌ಕೇಸಿನಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಪೆಟ್ರೋಲಿನ ಕೊರತೆ ಬಂದಾಗಿನಿಂದ ಮಂಗಳವಾರ ನನ್ನ ಸಹೋದ್ಯೋಗಿ ಹಸಮುಖನ ಕಾರಿನಲ್ಲಿ ಹೋಗಿಬರುವ ಪದ್ಧತಿ. ಅವನು ಬರೋಡಾದವನು, ಆದರೆ ಗುಜರಾತಿಯಲ್ಲಿ ಪಂಚಾಂಗ ಬಿಟ್ಟು ಬೇರೇನೂ ಓದಿಲ್ಲವಂತೆ. “ನಮ್ಮ ಮನೆಗೆ ಬಾ, ಭಾನು ಓದಿ ಹೇಳ್ತಾಳೆ” ಎಂದು ಸಂಜೆ ಪ್ಲಿಮತ್‌ಗೇ ಕರೆದುಕೊಂಡು ಹೋದ.

ಭಾನುಬೆನ್ ಅವನ ಹೆಂಡತಿ. ನನಗೆ ಗಾಂಠಿಯಾ ಎಂಬ ಕಡಲೆಹಿಟ್ಟಿನ ಕುರುಕಲು ಕೊಟ್ಟು, ಟೀ ಕೊಟ್ಟು, ಕನ್ನಡಕ ಹಾಕಿಕೊಂಡು ಓದಲು ಕೂತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಮುಗುಳ್ನಗೆ. ಆಮೇಲೆ “ಹೂಂ” ಎಂಬ ಉದ್ಗಾರ. ಕೊನೆಯ ಪದ್ಯಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು!

“ಏನಾಯಿತು?” ಎಂದೆ.

“ಪಾಪ, ಸುಲೋಚನಾ” ಎಂದರು.

“ಪಾಪ ಯಾಕೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವರು ಹೇಳಿದ್ದರ ಸಾರಾಂಶ ಇಷ್ಟು. ಏನು ಒಯ್ಯುತ್ತೀರಿ ಎಂದು ಕೇಳಿದಾಗ ಸುಲೋಚನಾಬೆನ್ ನಕ್ಕರಂತೆ. ತಾನು ಒಯ್ಯಬೇಕೆಂದಿರುವುದು ಯಾವ ಸೂಟ್‌ಕೇಸಿನಲ್ಲೂ ಹಿಡಿಸುವುದಿಲ್ಲ ಎಂದರಂತೆ. ಅದು ಏನೆಂದು ಜಶುಭಾಯಿ ಎಲ್ಲೂ ಬರೆದಿಲ್ಲ. ಕೊನೆಗೆ ಪದ್ಯ. ಬಂದರಿನಲ್ಲಿ ಸುಂಕದವರು ಪೆಟ್ಟಿಗೆ ತೆರೆಸಿದರು, ಎಲ್ಲವನ್ನೂ ತೆಗೆದು ನೋಡಿದರು, ಅವಳು ತಂದದ್ದು ಮಾತ್ರ ಅವರಿಗೆ ಸಿಗಲಿಲ್ಲ, ಮನೆಗೆ ಹೋಗಿ ಹುಡುಕಿದಾಗ ಅವಳಿಗೂ ಸಿಗಲಿಲ್ಲ.

“ಅಂದರೆ?” ಎಂದೆ ನಾನು, ಕಣ್ಣು ಕಣ್ಣು ಬಿಡುತ್ತ.

“ಅಂದರೆ ಏನು ಭಾಯಿಸಾಬ್! ಈ ದೇಶದಲ್ಲಿ ಒಬ್ಬಳೇ ಕೂತು ಕೂತು ಅವಳ ಆಯುಷ್ಯವೇ ಕಳೆದುಹೋಗಿದೆ. ಅದನ್ನು ಯಾರು ವಾಪಸು ಒಯ್ಯಬಲ್ಲರು? ಬೇಗ ಊರಿಗೆ ಕರೆದುಕೊಂಡು ಹೋಗಿ.” ಹಸಮುಖ ಕಿಟಕಿಯಿಂದಾಚೆ ನೋಡುತ್ತಿದ್ದ. ಈ ಮಾತು ಸುಲೋಚನಳದೋ ಭಾನುಬೆನ್ನರದೋ ಎಂಬ ಅನುಮಾನ ನನಗೂ ಬಂತು. ಆದರೂ ಸಮಾಧಾನವಾಯಿತು. ನಾನು ಊರಿಗೆಲ್ಲ ಹೇಳುತ್ತಿದ್ದದ್ದೂ ಅದೇ ತಾನೇ? ಅವಳಿಗೆ ಒಗ್ಗಿಲ್ಲ. ನನ್ನ ಮಾತಿಗೆ ಈಗ ಗುಜರಾತಿಯಲ್ಲೂ ಸಾಕ್ಷಿ ಸಿಕ್ಕಿತು. ‘ಬರುತ್ತಿದ್ದೇನೆ’ ಎಂದು ತಂತಿ ಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಅಲ್ಲಿಗೆ ಬಿಡಬೇಕಿತ್ತು. ಬಿಟ್ಟೆನೇ?

ಬುಧವಾರ ನನ್ನದೇ ಕಾರು. ಹಾಗಿದ್ದ ಮೇಲೆ ಆನ್ ಆರ್ಬರ್‌ಗೆ ಹೋಗದೆ ಇರುವುದು ಹೇಗೆ? ಅಲ್ಲಿ ಪರಾಗ್ ಎಂಬ ಹುಡುಗನಿದ್ದಾನೆ. ಅಹಮದಾಬಾದಿನವನು, ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಾನೆ. ಆರ್ಥಿಕ ವರದಿಗಾರ ಬರೆದದ್ದನ್ನು ಅರ್ಥಶಾಸ್ತ್ರದವನೂ ಒಮ್ಮೆ ನೋಡಲಿ ಎಂಬ ದುರ್ಬುದ್ಧಿ. ಪೆಟ್ರೋಲು ಉರಿಸಿಕೊಂಡು ಹೋದೆ.

ಪರಾಗ್ ನಿಂತಲ್ಲೇ ಓದಿದ. ಅಳಲಿಲ್ಲ, ಸಿಳ್ಳೆ ಹಾಕಿದ.

“ಬ್ರಿಲಿಯಂಟ್, ಅಂಕಲ್!”

“ಏನು ಬ್ರಿಲಿಯಂಟು?”

“ಆಂಟಿ!” ಎಂದ. ಅವನ ಪ್ರಕಾರ ಇದು ಬಹಳ ಘನವಾದ ಲೇಖನ. ಇಡೀ ಪ್ರಬಂಧ ಕಸ್ಟಮ್ಸ್ ಸುಂಕದ ಬಗ್ಗೆಯಂತೆ. ಹೊರದೇಶದಿಂದ ಬರುವವರು ಮಿಕ್ಸಿ ತಂದರೆ ಸುಂಕ, ಟ್ರಾನ್ಸಿಸ್ಟರು ತಂದರೆ ಸುಂಕ. ಆದರೆ ಆಂಟಿಯ ವಸ್ತುವಿಗೆ ತೂಕವಿಲ್ಲ, ಸುಂಕವಿಲ್ಲ, ಅದು ಊರಲ್ಲಿ ತಯಾರಾಗುವುದೂ ಇಲ್ಲ, ಇಲ್ಲಿಂದ ಒಯ್ಯಲೂ ಆಗುವುದಿಲ್ಲ. ಆಮದೂ ಇಲ್ಲ, ರಫ್ತೂ ಇಲ್ಲ. “ಅದು ಇಲ್ಲಿ ಮಾತ್ರ ಸಿಗೋ ವಸ್ತು ಅಂಕಲ್. ಸೋ, ಶಿ ಈಸ್ ನಾಟ್ ಗೋಯಿಂಗ್. ಆಂಟಿಗೆ ವಾಪಸ್ ಹೋಗೋ ಇಷ್ಟ ಇಲ್ಲ. ಕ್ಲಿಯರ್ ಆಗಿ ಬರೆದಿದಾರೆ.”

“ಮತ್ತೆ ಆ ಪದ್ಯ?”

“ಪದ್ಯ ನಾನು ಓದಲ್ಲ” ಎಂದ.

ಕಾರಿನೊಳಗೆ ಬಂದು ಇಂಗು ತಿಂದ ಮಂಗನ ಹಾಗೆ ಕೂತೆ. ಒಂದೇ ಪುಟ. ಇಬ್ಬರೂ ಹುಟ್ಟು ಗುಜರಾತಿಗಳು. ಒಬ್ಬರು ‘ಬೇಗ ಕರೆದುಕೊಂಡು ಹೋಗಿ’ ಎಂದು ಅಳುತ್ತಾರೆ, ಇನ್ನೊಬ್ಬ ‘ಬರೋದೇ ಇಲ್ಲ’ ಎಂದು ಸಿಳ್ಳೆ ಹಾಕುತ್ತಾನೆ. ನಾನು ಯಾರನ್ನು ನಂಬಲಿ? ಮತ್ತೆ ನನ್ನ ಹೆಂಡತಿಗೆ ಇಲ್ಲಿ ಒಗ್ಗಿಲ್ಲವೆಂದು ಇಷ್ಟು ವರ್ಷ ಡಂಗುರ ಹೊಡೆದೆನಲ್ಲ, ಅದನ್ನು ನನಗೆ ಹೇಳಿದವರು ಯಾರು? ಸುಲೋಚನ ಯಾವತ್ತಾದರೂ ಹೇಳಿದ್ದಳೇ? ದಾರಿಯುದ್ದಕ್ಕೂ ನೆನಪಿಸಿಕೊಂಡೆ. ಚಳಿ ಎಂದಿದ್ದಾಳೆ. ಚಳಿ ಎಲ್ಲರಿಗೂ ಆಗುತ್ತದೆ. ಅವಳ ತಾಯಿಯ ಕಾಗದ ಬಂದ ದಿನ ಸುಮ್ಮನಿರುತ್ತಾಳೆ. ಅದೂ ಎಲ್ಲರಿಗೂ ಆಗುತ್ತದೆ. ಹಾಗೆ ಯೋಚಿಸುತ್ತ ನಮ್ಮ ಎಕ್ಸಿಟ್ಟನ್ನೇ ದಾಟಿ ಮುಂದೆ ಹೋಗಿಬಿಟ್ಟೆ.

ತಲೆ ಚಿಟ್ಟು ಹಿಡಿದುಹೋಯಿತು. ಮನೆಗೆ ಬಂದವನೇ ಬೇಸ್‌ಮೆಂಟಿಗಿಳಿದು ಶಿಕಾಗೋಗೆ ಫೋನು ಹಚ್ಚಿದೆ. ಜಶುಭಾಯಿಯ ಕೋಣೆಯ ಪಕ್ಕದಲ್ಲೇ ಕಂಬಗಳ ಮೇಲೆ ಓಡುವ ರೈಲು. ಅದು ಬಂದಾಗಲೆಲ್ಲ ಮಾತು ನಿಲ್ಲಿಸಿ ಅದು ಹೋಗುವವರೆಗೂ ಕಾಯಬೇಕು. ನನಗೆ ಲಾಂಗ್ ಡಿಸ್ಟೆನ್ಸ್ ಬಿಲ್ಲಿನ ಚಿಂತೆ.

“ಜಶುಭಾಯಿ, ಇದೇನು ಬರೆದಿದ್ದೀರಿ? ಹೋಗಬೇಕು ಅಂದಳೋ, ಬೇಡ ಅಂದಳೋ?”

“ನೀವು ಯಾರ ಹತ್ತಿರ ಓದಿಸಿದಿರಿ?” ಎಂದರು. ಹೇಳಿದೆ. ಅವರಿಗೆ ಖುಷಿಯೋ ಖುಷಿ. “ಒಬ್ಬರು ಅತ್ತರೇ? ಒಬ್ಬ ಸುಂಕ ಹುಡುಕಿದನೇ? ವಾಹ್! ಹಾಗಾದರೆ ಚೆನ್ನಾಗಿಯೇ ಬಂದಿದೆ.”

“ನಿಮಗೇನು ಸ್ವಾಮಿ, ಚೆನ್ನಾಗಿ ಬಂದಿದೆ! ನಾನು ತಂತಿ ಕೊಡಬೇಕು. ಅವಳು ಒಯ್ಯುತ್ತೇನೆ ಎಂದದ್ದು ಏನು? ಅದನ್ನಾದರೂ ಹೇಳಿ.”

“ಹೇಳಲಾರೆ.”

“ಯಾಕೆ?”

“ಆಕೆ ನನಗೆ ಸುದ್ದಿ ಕೊಟ್ಟವರು. ಮಾರುಕಟ್ಟೆಯಲ್ಲಿ ಸುದ್ದಿ ಕೊಟ್ಟವರನ್ನು ನಾನು ಯಾವತ್ತೂ ಬಿಟ್ಟುಕೊಟ್ಟಿಲ್ಲ.”

“ಹೆಸರು ಹಾಕಿದ್ದೀರಲ್ಲ, ಪುಟದ ತುಂಬ!”

“ಹೆಸರು ಹಾಕಬಹುದು ಎಂದರು. ವಸ್ತು ಹಾಕಬೇಡಿ ಎಂದರು. ಹಾಕಿಲ್ಲ.” ಅಷ್ಟರಲ್ಲಿ ರೈಲು ಬಂತು. ಅದು ಹೋದ ಮೇಲೆ ಅವರ ದನಿ ಸ್ವಲ್ಪ ಇಳಿದಿತ್ತು. “ನೋಡಿ ಭಾಯಿ, ನಾನು ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಕೇಳಿದ್ದೇನೆ. ಭಾವನಗರದಲ್ಲಿರುವ ನನ್ನ ಹೆಂಡತಿಯನ್ನು ಮಾತ್ರ ಕೇಳಲಿಲ್ಲ. ಇಲ್ಲಿಗೆ ಹೊರಡುವಾಗ ಆಕೆ ಬರಲೊಲ್ಲಳು ಎಂದು ನಾನೇ ಅಂದುಕೊಂಡೆ. ನನ್ನ ಎರಡು ಕವನ ಸಂಕಲನಗಳಲ್ಲಿ ಆಕೆ ಬರಲೊಲ್ಲೆ ಎಂದಿದ್ದಾಳೆ. ಬಾಯಿಬಿಟ್ಟು ಎಂದದ್ದು ನೆನಪಿಲ್ಲ.”

ಅಷ್ಟು ಹೇಳಿ, ಸೋಯಾಬೀನಿನ ತಂತಿ ಬರೆಯಬೇಕು ಎಂದು ಫೋನು ಇಟ್ಟರು. ಅವರ ಮೇಲೆ ಸಿಟ್ಟು ಬಂದಿತ್ತು. ಅದೂ ಪೂರ್ತಿ ಬರಲಿಲ್ಲ, ಅರ್ಧದಲ್ಲೇ ಅಯ್ಯೋ ಪಾಪ ಅನ್ನಿಸಿಬಿಟ್ಟಿತು.

ಇವತ್ತು ಗುರುವಾರ. ನಾಳೆ ತಂತಿ. ಸಂಜೆ ಆಫೀಸಿನಿಂದ ಬಂದು, ಕೋಟು ತೆಗೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಸುಲೋಚನ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮಗಳು ಚೇತನಾ ಮೇಲೆ ಟೀವಿ ನೋಡುತ್ತಿದ್ದಳು. ಹೇಗೆ ಶುರುಮಾಡುವುದು? ಕಂಪನಿಯ ಮೀಟಿಂಗಿನಲ್ಲಿ ಯಾರನ್ನು ಬೇಕಾದರೂ ದಬಾಯಿಸಿ ಬರುವ ನನಗೆ ಮನೆಯಲ್ಲಿ ಮಾತೇ ಹೊರಡಲಿಲ್ಲ.

“ನಿಂತ್ಕೊಂಡು ಏನು ನೋಡ್ತಿದೀರಿ?” ಎಂದು ಅವಳೇ ಕೇಳಿದಳು.

“ಏನಿಲ್ಲ. ಆ ಲೇಖನ…”

“ಭಾನುಬೆನ್ ಫೋನ್ ಮಾಡಿದ್ರು” ಎಂದಳು. “ನನಗೆ ಧೈರ್ಯ ಹೇಳಿದ್ರು. ಅತ್ತೂಬಿಟ್ರು. ಯಾಕೆ ಅಂತ ನನಗೆ ತಲೆಬುಡ ತಿಳೀಲಿಲ್ಲ. ಇವತ್ತು ಪರಾಗ್ ಫೋನ್ ಮಾಡಿ ಕಂಗ್ರಾಚುಲೇಷನ್ಸ್ ಆಂಟಿ ಅಂದ. ಅದೂ ಯಾಕೆ ಅಂತ ತಿಳೀಲಿಲ್ಲ.”

ನಾನು ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ಎಳೆಯತೊಡಗಿದೆ.

“ಪ್ಲಿಮತ್‌ಗೆ ಹೋದ್ರಿ. ಆನ್ ಆರ್ಬರ್‌ಗೆ ಹೋದ್ರಿ. ಕೆಳಗಡೆ ಕೂತ್ಕೊಂಡು ಶಿಕಾಗೋಗೆ ಫೋನ್ ಮಾಡಿದ್ರಿ. ಅಡಿಗೆಮನೆಗೆ ಬರೋಕೆ ನಿಮಗೆ ಗುರುವಾರ ಆಯ್ತು, ಅಲ್ವಾ?” ಅವಳ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ, ಈಗಲೂ ನನಗೆ ಸ್ಪಷ್ಟವಿಲ್ಲ. ಎರಡೂ ಇದ್ದಿರಬೇಕು.

“ಸರಿ ಕಣೆ, ತಪ್ಪಾಯ್ತು. ಈಗ ಕೇಳ್ತಿದೀನಿ. ಏನು ತಗೊಂಡು ಹೋಗ್ತೀನಿ ಅಂದೆ?”

ಚಾಕು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಮಾತಾಡಲು ಚಾಕು ಕೆಳಗಿಟ್ಟದ್ದು ನಾನು ನೋಡಿದ ನೆನಪಿಲ್ಲ.

“ಮಂಗಳವಾರ ನೀವು ಹಸಮುಖ್ ಅವರ ಕಾರಲ್ಲಿ ಹೋಗ್ತೀರಲ್ಲ, ನಮ್ಮ ಕಾರು ಮನೇಲಿರತ್ತೆ. ಚೇತನಾನ ಪಿಯಾನೋ ಕ್ಲಾಸಿಗೆ ಬಿಡ್ತೀನಿ. ಕ್ಲಾಸ್ ಮುಗಿಯೋಕೆ ಒಂದು ಗಂಟೆ. ಆ ಒಂದು ಗಂಟೆ ಕಾರು ತಗೊಂಡು ಹೊರಟುಬಿಡ್ತೀನಿ. ನಾನೊಬ್ಬಳೇ. ಎಲ್ಲಿಗೆ ಅಂತ ಯಾರಿಗೂ ಹೇಳ್ಬೇಕಾಗಿಲ್ಲ. ಯಾಕೆ ಅಂತ ಯಾರೂ ಕೇಳಲ್ಲ. ತಿರುಗಿ ಬಂದು ಮಗೂನ ಹತ್ತಿಸ್ಕೊಂಡು ಮನೆಗೆ ಬರ್ತೀನಿ. ಅದನ್ನ ತಗೊಂಡು ಹೋಗ್ತೀನಿ ಅಂದೆ. ಅಷ್ಟೇ.”

ಅಷ್ಟೇ!

“ಊರಲ್ಲೂ ಕಾರು ಇರತ್ತಲ್ಲೇ” ಎಂದೆ, ಏನೋ ಹೇಳಬೇಕಲ್ಲ ಎಂದು.

“ಕಾರು ಇರತ್ತೆ ರೀ. ಅದಕ್ಕೆ ಡ್ರೈವರ್ ಇರ್ತಾನೆ. ನಿಮ್ಮಮ್ಮ ಇರ್ತಾರೆ, ನಿಮ್ಮಕ್ಕ ಇರ್ತಾರೆ, ಎದುರುಮನೆಯವರು ಇರ್ತಾರೆ. ಎಲ್ಲಾ ಒಳ್ಳೆಯವರೇ. ಸೆರಗು ಹೊದ್ದು ಹೊರಗೆ ಬಂದ್ರೆ ಸಾಕು, ಎಲ್ಲಿಗಮ್ಮ ಅಂತಾರೆ. ಪ್ರೀತಿಯಿಂದಾನೇ ಕೇಳ್ತಾರೆ. ನಂಗೇನೂ ಅವರ ಮೇಲೆ ಕೋಪ ಇಲ್ಲ.”

ಮೇಲೆ ಟೀವಿಯಲ್ಲಿ ಯಾರೋ ಹೋ ಎಂದು ನಗುತ್ತಿದ್ದರು.

“ಹಾಗಾದ್ರೆ ಬರಲ್ಲ ಅಂತೀಯ?” ಎಂದೆ. ಬರುತ್ತೇನೆ ಎಂದರೆ ಸಂತೋಷವಾಗುತ್ತದೋ ಬರಲ್ಲ ಎಂದರೆ ಸಂತೋಷವಾಗುತ್ತದೋ, ಅದೂ ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ.

“ಬರಲ್ಲ ಅಂತ ನಾನು ಯಾವಾಗ ಅಂದೆ? ಬರ್ತೀನಿ ಅಂತಾನೂ ಅಂದಿಲ್ಲ. ನನ್ನನ್ನ ಯಾರಾದ್ರೂ ಕೇಳಿದ್ರೆ ತಾನೇ? ನಮ್ಮಮ್ಮನಿಗೆ ವಯಸ್ಸಾಯ್ತು, ಅವರನ್ನ ನೋಡ್ಬೇಕು ಅಂತ ಎಷ್ಟು ಸಲ ಅನ್ಸತ್ತೆ ಗೊತ್ತಾ? ಇಲ್ಲಿಂದೆಲ್ಲ ಬಿಟ್ಟುಹೋಗೋದು ನೆನೆಸ್ಕೊಂಡ್ರೂ ಸಂಕಟ ಆಗತ್ತೆ. ಎರಡೂ ನಿಜ. ಏನು ಮಾಡ್ಲಿ?” ಅವಳು ಮತ್ತೆ ಚಾಕು ಎತ್ತಿಕೊಂಡಳು. “ನಾಳೆ ತಂತಿ ಕೊಡಿ. ಹೋಗೋಣ ಅನ್ಸಿದ್ರೆ ಹೋಗೋಣ ಅಂತ ಕೊಡಿ, ಬೇಡ ಅನ್ಸಿದ್ರೆ ಬೇಡ ಅಂತ ಕೊಡಿ. ಇಬ್ಬರೂ ಕೂತು ಮಾತಾಡಿ ಕೊಡೋಣ ಅಂದ್ರೆ ಇನ್ನೂ ಒಳ್ಳೇದು. ಒಂದೇ ಒಂದು. ನನಗೋಸ್ಕರ ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ನಿಮ್ಮ ಪೇಪರ್‌ನಲ್ಲೂ ಬರೀಬೇಡಿ.”

(ಬರೆದಿದ್ದೇನೆ. ಕೇಳಿಯೇ ಬರೆದಿದ್ದೇನೆ. “ಬರೀರಿ, ಈ ಸಲ ಹೆಸರು ಹಾಕಿದ್ರೂ ಪರವಾಗಿಲ್ಲ” ಎಂದಳು.)

ಏನು ತಿಳಿಯಿತು ನನಗೆ? ಹೇಳಲೇ? ಭಾನುಬೆನ್ ಹೇಳಿದ್ದೂ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಪರಾಗ್ ಹೇಳಿದ್ದೂ ಹಾಗೆಯೇ. ಜಶುಭಾಯಿ ಬರೆದದ್ದರಲ್ಲಿ ಒಂದು ಸಾಲೂ ಸುಳ್ಳಿಲ್ಲ. ಇಲ್ಲಿ ಒಂದು ಗಂಟೆ, ಅಲ್ಲಿ ಒಬ್ಬ ತಾಯಿ. ಇದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಲಿ? ತಂತಿಯ ಫಾರಂ ತುಂಬುವವನು ನಾನು, ಅದರಲ್ಲಿ ಬರೆಯಲು ಇರುವ ಜಾಗವೇ ಅಷ್ಟು. ಬರುತ್ತೇನೆ, ಇಲ್ಲವೇ ಬರುವುದಿಲ್ಲ. ‘ಎರಡೂ ನಿಜ’ ಎಂದು ತಂತಿ ಕೊಟ್ಟರೆ ಬೆಂಗಳೂರಿನ ಸಾಹೇಬ ನನ್ನನ್ನು ಹುಚ್ಚನೆನ್ನುತ್ತಾನೆ.

ಊಟವಾದ ಮೇಲೆ ಇಬ್ಬರೂ ಕೂತು ಮಾತಾಡುವುದೆಂದು ಗೊತ್ತುಮಾಡಿಕೊಂಡೆವು. ಮದುವೆಯಾದ ಮೇಲೆ ನಾವಿಬ್ಬರೂ ಹೀಗೆ ಟೈಮು ಗೊತ್ತುಮಾಡಿಕೊಂಡು ಮಾತಾಡಲು ಕೂರುತ್ತಿರುವುದು ಇದೇ ಮೊದಲು. ನನಗೆ ಇಂಟರ್‌ವ್ಯೂಗೆ ಹೋಗುವಷ್ಟು ಪುಕಪುಕ. ಅವಳ ಮಾತು ನನಗೆ ಚೆನ್ನಾಗಿ ಅರ್ಥವಾಯಿತು, ನಾನು ಎಲ್ಲ ಗಂಡಸರ ಹಾಗಲ್ಲ, ಅವಳ ಆ ಒಂದು ಗಂಟೆಯನ್ನು ಇಲ್ಲಿದ್ದರೂ ಅಲ್ಲಿಗೆ ಹೋದರೂ ಕಾಪಾಡುತ್ತೇನೆ ಎಂದೆಲ್ಲ ಹೇಳಬೇಕೆನಿಸಿತು. ಅವಳ ಪಕ್ಕಕ್ಕೆ ಹೋದೆ. ಹ್ಞಾಂ, ತಿಳಿಯಿತು ಎಂಬಂತೆ ಗಂಭೀರವಾಗಿ ತಲೆಯಾಡಿಸಿದೆ. ಬಾಯಿ ತೆರೆದೆ.

“ಅಲ್ಲ ಕಣೆ” ಎಂದೆ, “ಆ ಒಂದು ಗಂಟೆ ಎಲ್ಲಿಗೆ ಹೋಗ್ತೀಯ?”